ಚಿತ್ರ ಬರೆಯುವ ಕೈ, ಕೀಲಿ ಹಿಡಿಯುವ ಕೈ

(ಭಾಲ್ಕಿಯಲ್ಲಿ ಗಿರಣಿ ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ತೊಗರಿಯ ಧಾರಣೆ, ಕಬ್ಬಿನ ಬಾಕಿ, ಗಿರಣಿಯ ಪಗಾರ ಇವುಗಳನ್ನು ಬಿಟ್ಟು ಮಾಸ್ತರರು ಕಾರ್ಟೂನ್ ಸಿನಿಮಾದ ಮಾತಿಗೆ ಯಾಕೆ ಬಂದರು ಎಂದು ಕೇಳುವ ಹಕ್ಕು ನಿಮಗಿದೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಬೀದರಿನಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳು ಮನೆಯಲ್ಲಿ ಹೊಸದೊಂದು ಹಟ ಹಿಡಿಯುತ್ತಿದ್ದಾರೆ. "ಅಪ್ಪಾ, ನಾನು ಅನಿಮೇಷನ್ ಕಲೀತೀನಿ, ಹೈದರಾಬಾದಿಗೋ ಬೆಂಗಳೂರಿಗೋ ಕಳಿಸು" ಎನ್ನುತ್ತಾರೆ. ಕಲಿಸುವ ಅಂಗಡಿಯವರು ಲಕ್ಷಗಳಲ್ಲಿ ಫೀಜು ಹೇಳುತ್ತಾರೆ. ತಂದೆ ಹಮಾಲಿ ಮಾಡುವವನು, ಇಲ್ಲವೇ ಸಣ್ಣ ಕಿರಾಣಿ ಇಟ್ಟವನು. ಅವನು ಸಾಲ ತೆಗೆಯಬೇಕೋ ಬೇಡವೋ? ಇದು ನಮ್ಮ ಮನೆಯ ಪ್ರಶ್ನೆ, ಹೊಟ್ಟೆಯ ಪ್ರಶ್ನೆ.

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಅದು ಮೋಸವಾದೀತು. ಈ ಕಸುಬು ನಮ್ಮ ದೇಶದಲ್ಲಿ ಹೇಗೆ ಹುಟ್ಟಿತು, ಯಾರ ಹಣದಿಂದ ಬೆಳೆಯಿತು, ಯಾರ ಕೈಗೆ ಹೋಯಿತು ಎಂಬುದನ್ನು ನೋಡಿದರೆ ಉತ್ತರ ತಾನಾಗಿ ಕಾಣುತ್ತದೆ. ಅದನ್ನು ನೋಡಲು ಒಬ್ಬ ಮನುಷ್ಯನ ಬದುಕು ಸಾಕು. ಅವರ ಹೆಸರು ರಾಮ್ ಮೋಹನ್. ಭಾರತದ ಅನಿಮೇಷನ್ ಕಲೆಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಅವರು ನಮ್ಮ ನಾಡಿನವರಲ್ಲ, ಕೆಲಸ ಮಾಡಿದ್ದು ಮುಂಬಯಿಯಲ್ಲಿ. ಆದರೆ ಅವರು ನಡೆದ ದಾರಿ ಕೊನೆಗೆ ನಮ್ಮ ಬೆಂಗಳೂರಿನ ಸ್ಟುಡಿಯೋಗಳ ಬಾಗಿಲಿಗೇ ಬಂದು ಮುಟ್ಟುತ್ತದೆ.

ಮೊದಲು ಕೆಲಸ ಎಂಥದ್ದು ಎಂಬುದನ್ನು ತಿಳಿಯೋಣ. ಮಾಸ್ತರಿಕೆ ಮಾಡಿದವನು ನಾನು, ಲೆಕ್ಕ ಬಿಟ್ಟು ಮಾತಾಡಲು ಬರುವುದಿಲ್ಲ. ಪರದೆಯ ಮೇಲೆ ಒಂದು ಸೆಕೆಂಡಿನಲ್ಲಿ 24 ಚಿತ್ರಗಳು ಹಾದುಹೋಗುತ್ತವೆ. ಒಂದು ಚಿತ್ರವನ್ನು ಎರಡೆರಡು ಸಲ ತೆಗೆದರೂ ಒಂದು ಸೆಕೆಂಡಿಗೆ 12 ಚಿತ್ರ ಬರೆಯಲೇಬೇಕು. ಹತ್ತು ನಿಮಿಷದ ಸಿನಿಮಾ ಎಂದರೆ 600 ಸೆಕೆಂಡು. ಗುಣಿಸಿ ನೋಡಿರಿ, 7,200 ಚಿತ್ರ. ಮಕ್ಕಳು ನೋಡಿ ನಕ್ಕು ಮರೆತುಬಿಡುವ ಹತ್ತು ನಿಮಿಷದ ಹಿಂದೆ ಏಳು ಸಾವಿರ ಚಿತ್ರಗಳ ಬೆವರು ಇರುತ್ತದೆ. ಈಗ ಕಂಪ್ಯೂಟರು ಬಂದಿದೆ. ಹಾಳೆಯ ಜಾಗದಲ್ಲಿ ಗಾಜಿನ ಪರದೆ ಬಂದಿದೆ. ಆದರೆ ಆ ಪರದೆಯ ಮುಂದೆ ಕೂತು ಒಂದು ಎಲೆ ಅಲುಗುವುದನ್ನು, ಒಂದು ಸಿಂಹದ ಕೂದಲು ಗಾಳಿಗೆ ಹಾರುವುದನ್ನು ತಿದ್ದುವ ಕಣ್ಣು ಮತ್ತು ಕೈ ಮನುಷ್ಯನದೇ.

ಇದನ್ನು ಒಬ್ಬನೇ ಮಾಡಲಾರ. ಕಥೆ ಹೊಂದಿಸುವವನು ಒಬ್ಬ, ಮುಖ್ಯ ಭಂಗಿ ಬರೆಯುವವನು ಒಬ್ಬ, ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುವವರು ಹತ್ತಾರು ಮಂದಿ, ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆಯುವವರು, ಬಣ್ಣ ತುಂಬುವವರು, ಹಿನ್ನೆಲೆಯ ಗಿಡ ಮರ ಬರೆಯುವವರು, ಕೊನೆಗೆ ಒಂದೊಂದೇ ಹಾಳೆಯನ್ನು ಕ್ಯಾಮೆರಾದ ಕೆಳಗಿಟ್ಟು ತೆಗೆಯುವವರು. ಬೀದರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬಿದ್ರಿಯ ಹೂಜಿಯನ್ನೇ ನೋಡಿರಿ. ಒಬ್ಬ ಎರಕ ಹೊಯ್ಯುತ್ತಾನೆ, ಒಬ್ಬ ಅರ ಹಾಕಿ ನಯ ಮಾಡುತ್ತಾನೆ, ಒಬ್ಬ ಉಳಿ ಹಿಡಿದು ಹೂಬಳ್ಳಿ ಕೆತ್ತುತ್ತಾನೆ, ಒಬ್ಬ ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾನೆ, ಕೊನೆಗೆ ಕೋಟೆಯ ಮಣ್ಣು ಕಲಸಿದ ನೀರಿನಲ್ಲಿ ಅದ್ದಿ ಕಪ್ಪು ಬರಿಸುತ್ತಾರೆ. ನಾಲ್ಕಾರು ಕೈ ಸೇರಿದರೆ ಒಂದು ಹೂಜಿ. ದೊಡ್ಡ ಶಹರದ ಅಂಗಡಿಯ ಗಾಜಿನ ಕಪಾಟಿಗೆ ಬಂದಾಗ ಮಾತ್ರ ಅದರ ಮೇಲೆ ಅಂಗಡಿಯ ಹೆಸರು ಇರುತ್ತದೆ, ಕೈಗಳ ಹೆಸರು ಇರುವುದಿಲ್ಲ. ಕಾರ್ಟೂನ್ ಸಿನಿಮಾದ ಕಥೆಯೂ ಬಹುಮಟ್ಟಿಗೆ ಇದೇ.

ಈಗ ರಾಮ್ ಮೋಹನರ ಕಡೆಗೆ ಬರೋಣ. 1931ರಲ್ಲಿ ಹುಟ್ಟಿದವರು. ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ ಪದವಿ ಪಡೆದು, ಮುಂದೆ ಓದಲೆಂದು ಮುಂಬಯಿಗೆ ಬಂದವರು. ಓದು ಒಂದು ಕಡೆ ಉಳಿಯಿತು, ಚಿತ್ರ ಬರೆಯುವ ಗೀಳು ಅವರನ್ನು ಇನ್ನೊಂದು ಕಡೆಗೆ ಎಳೆಯಿತು. 1956ರಲ್ಲಿ ಅವರು ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ವಿಭಾಗ ಸೇರಿದರು. ಆ ವರ್ಷ ನಮಗೂ ನೆನಪಿರತಕ್ಕ ವರ್ಷ. ಹೈದರಾಬಾದ್ ಸಂಸ್ಥಾನದಿಂದ ಬಿಡಿಸಿಕೊಂಡ ಬೀದರ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಫಿಲ್ಮ್ಸ್ ಡಿವಿಜನ್ ಎಂಬುದು ಸರ್ಕಾರದ ಸಂಸ್ಥೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ಅದನ್ನು ಕಟ್ಟಿದರು. ಟಾಕೀಜಿನಲ್ಲಿ ದೊಡ್ಡ ಸಿನಿಮಾ ಶುರುವಾಗುವ ಮುಂಚೆ ಅಣೆಕಟ್ಟು, ಕಾಲರಾ ಚುಚ್ಚುಮದ್ದು, ಬರಗಾಲ, ನೆಹರೂ ಪ್ರವಾಸ ಎಂದು ಕಪ್ಪು ಬಿಳುಪಿನ ಸಮಾಚಾರ ತೋರಿಸುತ್ತಿದ್ದರಲ್ಲ, ಅದು ಈ ಸಂಸ್ಥೆಯ ಕೆಲಸ. ಹಿರಿಯರಿಗೆ ನೆನಪಿದ್ದೀತು. ಅಲ್ಲಿ ಒಂದು ಕಾರ್ಟೂನ್ ವಿಭಾಗ ತೆರೆದಾಗ, ಕಲಿಸಲು ಅಮೆರಿಕೆಯ ತಾಂತ್ರಿಕ ನೆರವಿನ ಯೋಜನೆಯಲ್ಲಿ ಒಬ್ಬ ಮಾಸ್ತರರು ಬಂದರು. ಕ್ಲೇರ್ ವೀಕ್ಸ್ ಎಂದು ಹೆಸರು. ವಾಲ್ಟ್ ಡಿಸ್ನಿಯ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಚಿತ್ರ ಬರೆದವರು. ಅವರ ಕೈಕೆಳಗೆ ನಮ್ಮ ಹುಡುಗರು ಕಲಿತರು. ಕಲಿಯುತ್ತಲೇ ಒಂದು ಸಿನಿಮಾ ಮಾಡಿದರು. 1957ರ ಆ ಚಿತ್ರದ ಹೆಸರು 'ದಿ ಬ್ಯಾನಿಯನ್ ಡಿಯರ್', ಎಂದರೆ ಆಲದ ಜಿಂಕೆ. ಚಿತ್ರದ ರೀತಿಗೆ ಅಜಂತೆಯ ಗೋಡೆಚಿತ್ರಗಳಿಂದ ಸ್ಫೂರ್ತಿ, ಕಥೆ ಬುದ್ಧನ ಜಾತಕ ಕಥೆಗಳಲ್ಲಿ ಒಂದು.

ಆ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕಾಶಿಯ ಅರಸನಿಗೆ ದಿನಾ ಜಿಂಕೆಯ ಮಾಂಸ ಬೇಕು. ಒಂದು ಉದ್ಯಾನದಲ್ಲಿ ಎರಡು ಹಿಂಡುಗಳನ್ನು ಕೂಡಿಹಾಕಿದ್ದರು, ಎರಡಕ್ಕೂ ಒಬ್ಬೊಬ್ಬ ಒಡೆಯ. ಬೇಟೆಯ ಗದ್ದಲದಲ್ಲಿ ಹತ್ತು ಜಿಂಕೆ ಗಾಯಗೊಂಡು ನರಳುವ ಬದಲು, ದಿನಕ್ಕೊಂದು ಜಿಂಕೆ ಸರದಿಯ ಪ್ರಕಾರ ತಾನೇ ಹೋಗಿ ಕೊರಳು ಕೊಡಬೇಕು ಎಂದು ಗೊತ್ತುಪಡಿಸಿಕೊಂಡರು. ಒಂದು ದಿನ ಸರದಿ ಬಸುರಿ ಜಿಂಕೆಗೆ ಬಂತು. "ಮರಿ ಹಾಕಿದ ಮೇಲೆ ಬರುತ್ತೇನೆ, ಈಗ ಬಿಡು" ಎಂದು ತನ್ನ ಹಿಂಡಿನ ಒಡೆಯನನ್ನು ಬೇಡಿತು. ಸರದಿ ಎಂದರೆ ಸರದಿ ಎಂದು ಅವನು ಕೈ ಝಾಡಿಸಿದ. ಅದು ಇನ್ನೊಂದು ಹಿಂಡಿನ ಒಡೆಯ ಆಲದ ಜಿಂಕೆಯ ಹತ್ತಿರ ಹೋಯಿತು. ಅವನು ಬೇರೆ ಯಾರನ್ನೂ ಕಳಿಸಲಿಲ್ಲ, ತಾನೇ ಹೋಗಿ ಕೊಯ್ಯುವ ಮರದ ಮೇಲೆ ತಲೆಯಿಟ್ಟ. ಅರಸ ನಾಚಿ ಎಲ್ಲ ಜಿಂಕೆಗಳನ್ನೂ ಬಿಟ್ಟ. ಎರಡು ಬಗೆಯ ಒಡೆಯರಿರುತ್ತಾರೆ ಎಂಬುದು ಕಥೆಯ ನೀತಿ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಸುಮಾರು ಹನ್ನೊಂದು ವರ್ಷ ರಾಮ್ ಮೋಹನ್ ಈ ಸರ್ಕಾರಿ ಸ್ಟುಡಿಯೋದಲ್ಲಿ ದುಡಿದರು, ಸ್ವಂತ ಚಿತ್ರಗಳನ್ನೂ ಮಾಡಿದರು. ಅದೇ ಸೂರಿನಡಿ ಇನ್ನೂ ಹಲವರು ಪಳಗಿದರು. ಅಲ್ಲಿಂದ ಬಂದ ವಿ. ಜಿ. ಸಾಮಂತ್ 2005ರಲ್ಲಿ 'ಹನುಮಾನ್' ಎಂಬ ಪೂರ್ಣ ಪ್ರಮಾಣದ ಕಾರ್ಟೂನ್ ಚಿತ್ರ ನಿರ್ದೇಶಿಸಿದರು. ಅಲ್ಲೇ ಕುಂಚ ಹಿಡಿದ ಭೀಮಸೇನ್, 1974ರಲ್ಲಿ ವಿಜಯಾ ಮುಳೆಯವರು ಫಿಲ್ಮ್ಸ್ ಡಿವಿಜನ್ನಿಗಾಗಿ ಮಾಡಿದ 'ಏಕ್ ಅನೇಕ್ ಔರ್ ಏಕ್ತಾ' ಚಿತ್ರಕ್ಕೆ ಜೀವ ಕೊಟ್ಟರು. ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರಿಹೋಗುವ ಆ ಚಿತ್ರವನ್ನು ದೂರದರ್ಶನದಲ್ಲಿ ನೋಡದ ಮನೆ ಕಡಿಮೆ. ಸಂಘಟನೆಯ ಪಾಠವನ್ನು ಅಷ್ಟು ಸುಲಭವಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ.

ಸರ್ಕಾರದ್ದೆಲ್ಲ ಚಿನ್ನ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಫಿಲ್ಮ್ಸ್ ಡಿವಿಜನ್ ಆಳುವವರ ತುತ್ತೂರಿಯನ್ನೂ ಊದಿತು. ಅದರ ರೀಲನ್ನು ತೋರಿಸಲೇಬೇಕು, ಮೇಲೆ ಬಾಡಿಗೆಯನ್ನೂ ಕೊಡಬೇಕು ಎಂಬ ಕಟ್ಟಳೆ ಟಾಕೀಜಿನವರ ತಲೆಯ ಮೇಲಿತ್ತು. ಎಷ್ಟೋ ಜನ ಆ ಹೊತ್ತಿಗೆ ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಇದೆಲ್ಲ ನಿಜ. ಆದರೆ ಇನ್ನೊಂದು ನಿಜವೂ ಇದೆ. ಲಾಭದ ಲೆಕ್ಕ ಹಾಕುವ ಯಾವ ಬಂಡವಾಳಗಾರನೂ 1956ರಲ್ಲಿ ಹತ್ತು ಹುಡುಗರಿಗೆ ಪಗಾರ ಕೊಟ್ಟು, ವರ್ಷಗಟ್ಟಲೆ ಗೆರೆ ಎಳೆಯುವುದನ್ನು ಕಲಿಸುತ್ತಿರಲಿಲ್ಲ. ಕಲಿಸಿದ್ದು ನಮ್ಮ ನಿಮ್ಮ ತಂದೆ ತಾತಂದಿರ ತೆರಿಗೆಯ ಹಣ. ಆಗ ಕಲಿಯುವವನು ಫೀಜು ಕೊಡುತ್ತಿರಲಿಲ್ಲ, ಕಲಿಯುವವನಿಗೇ ಸಂಬಳ ಇತ್ತು. ಇಂದು ಕಲಿಯುವವನ ತಂದೆ ಲಕ್ಷ ಕೊಡಬೇಕು. ಈ ಒಂದು ವ್ಯತ್ಯಾಸವನ್ನು ಗಂಟು ಹಾಕಿಟ್ಟುಕೊಂಡರೂ ಇವತ್ತು ನೀವು ಬಂದದ್ದು ಸಾರ್ಥಕ.

ಸರ್ಕಾರಿ ಕೆಲಸ ಬಿಟ್ಟು ರಾಮ್ ಮೋಹನ್ 1968ರಲ್ಲಿ ಪ್ರಸಾದ್ ಪ್ರೊಡಕ್ಷನ್ಸ್ ಎಂಬ ಖಾಸಗಿ ಸಂಸ್ಥೆಯ ಅನಿಮೇಷನ್ ವಿಭಾಗದ ಮುಖ್ಯಸ್ಥರಾದರು. ನಾಲ್ಕು ವರ್ಷದ ಮೇಲೆ, 1972ರಲ್ಲಿ ತಮ್ಮದೇ ಸ್ಟುಡಿಯೋ ತೆರೆದರು. ಹೆಸರು ರಾಮ್ ಮೋಹನ್ ಬಯೋಗ್ರಾಫಿಕ್ಸ್. ಇಲ್ಲಿಂದ ಅವರು ನೌಕರರಲ್ಲ, ಮಾಲೀಕರು, ನಿರ್ಮಾಪಕರು.

ಸಣ್ಣ ಅಂಗಡಿ ಇಟ್ಟವರಿಗೆ ಈ ಭಾಗ ಚೆನ್ನಾಗಿ ತಿಳಿಯುತ್ತದೆ. ಕೈಯಲ್ಲಿ ಕಸುಬಿದೆ, ಗಲ್ಲಾದಲ್ಲಿ ಭಾಂಡವಾಳವಿಲ್ಲ. ಸ್ವಂತ ಸಿನಿಮಾ ಮಾಡೋಣವೆಂದರೆ 7,200 ಚಿತ್ರಕ್ಕೆ ಪಗಾರ ಕೊಡುವವರು ಯಾರು? ಆದ್ದರಿಂದ ಬಂದ ಆರ್ಡರು ಹಿಡಿಯಬೇಕು. ಜಾಹೀರಾತು ಚಿತ್ರಗಳು, ಹಿಂದಿ ಸಿನಿಮಾಗಳ ನಡುವೆ ಬರುವ ಕಾರ್ಟೂನ್ ತುಣುಕುಗಳು, ಹಾಡಿನ ನಡುವೆ ಕುಣಿಯುವ ಬೊಂಬೆಗಳು, ಹೀಗೆ ಸ್ಟುಡಿಯೋ ನಡೆಯಿತು. ಆ ನಡುವೆಯೂ ಒಳ್ಳೆಯ ಕೆಲಸ ನಿಲ್ಲಲಿಲ್ಲ. 1972ರ 'ಯು ಸೆಡ್ ಇಟ್', 1983ರ 'ಫೈರ್ ಗೇಮ್ಸ್' ಚಿತ್ರಗಳಿಗೆ ರಾಷ್ಟ್ರಪ್ರಶಸ್ತಿ ಬಂತು. ಇದಕ್ಕೂ ಮುಂಚೆ 1969ರಲ್ಲಿ ಮೃಣಾಲ್ ಸೇನರ 'ಭುವನ್ ಶೋಮ್' ಚಿತ್ರಕ್ಕೆ ಕಾರ್ಟೂನ್ ಭಾಗ ಮಾಡಿಕೊಟ್ಟಿದ್ದರು. 1977ರಲ್ಲಿ ಸತ್ಯಜಿತ್ ರಾಯರು 'ಶತರಂಜ್ ಕೆ ಖಿಲಾಡಿ' ಮಾಡಿದಾಗ, ಡಾಲ್‌ಹೌಸಿ ಸಾಹೇಬ ಒಂದೊಂದೇ ದೇಶೀ ಸಂಸ್ಥಾನವನ್ನು ಚೆರ್ರಿ ಹಣ್ಣಿನಂತೆ ಬಾಯಿಗೆ ಹಾಕಿಕೊಳ್ಳುವ ಕಾರ್ಟೂನ್ ಭಾಗವನ್ನು ಅವರೇ ಮಾಡಿದರು. ಇತಿಹಾಸದ ಹತ್ತು ಪುಟ ಓದಿಸಿದರೂ ತಿಳಿಯದ್ದು ಆ ಎರಡು ಮೂರು ನಿಮಿಷದಲ್ಲಿ ತಿಳಿಯುತ್ತದೆ. ದೊಡ್ಡವನು ಚಿಕ್ಕವನನ್ನು ನುಂಗುವ ರೀತಿಯೇ ಅದು. ಮುಂದೆ ಆ ಸ್ಟುಡಿಯೋಕ್ಕೂ ಆ ಗತಿ ಬರಲಿದೆ.

ಎಂಬತ್ತರ ದಶಕದಲ್ಲಿ ಯೂಗೋ ಸಾಕೋ ಎಂಬ ಜಪಾನಿ ಗೃಹಸ್ಥರು ರಾಮಾಯಣವನ್ನು ಕಾರ್ಟೂನ್ ಸಿನಿಮಾ ಮಾಡಬೇಕೆಂದು ಹೊರಟರು. ಭಾರತ, ಜಪಾನ್ ಎರಡೂ ಸರ್ಕಾರಗಳು ಕೂಡಿ ಮಾಡಲಿ ಎಂಬುದು ಅವರ ಆಸೆ. ಪರದೇಶದವರು ರಾಮಾಯಣ ಮುಟ್ಟಬಾರದು, ದೇವರನ್ನು ಕಾರ್ಟೂನ್ ಮಾಡಬಾರದು ಎಂಬ ಆಕ್ಷೇಪಣೆ ಎದ್ದಿತು. ನಮ್ಮ ಸರ್ಕಾರ ಕೈಜೋಡಿಸಲಿಲ್ಲ. ಕೆಲಸದ ಬಹುಭಾಗ ಜಪಾನಿನಲ್ಲೇ ಆಯಿತು. ರಾಮ್ ಮೋಹನರೂ ನಮ್ಮ ಕೆಲವು ಕಲಾವಿದರೂ ಅಲ್ಲಿಗೆ ಹೋಗಿ, ಪಂಚೆ ಉಡುವ ರೀತಿ, ಕೈಮುಗಿಯುವ ರೀತಿ, ನಮ್ಮ ನಡೆ ಹೇಗೆ ಎಂದು ತೋರಿಸಿಕೊಟ್ಟು, ಜಪಾನಿ ಕಲಾವಿದರ ಜೊತೆ ಕೂತು ಬರೆದರು. ನಿರ್ದೇಶಕರಾಗಿ ಸಾಕೋ, ಕೋಯಿಚಿ ಸಾಸಾಕಿ, ರಾಮ್ ಮೋಹನ್ ಮೂವರ ಹೆಸರಿದೆ. 135 ನಿಮಿಷದ ಚಿತ್ರ. ನಾನು ಮೊದಲು ಹೇಳಿದ ಲೆಕ್ಕದಲ್ಲಿ ಗುಣಿಸಿದರೆ 97,200 ಚಿತ್ರ ಬರುತ್ತದೆ. ಮಾಡಿದವರು ಹೇಳಿದ ಲೆಕ್ಕವೂ ಸುಮಾರು ಒಂದು ಲಕ್ಷ ಹಾಳೆ, ಸುಮಾರು 450 ಕಲಾವಿದರು.

ಚಿತ್ರ 1992ರಲ್ಲಿ ಮುಗಿಯಿತು. ಆ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಉರುಳಿ ದೇಶ ಹೊತ್ತಿ ಉರಿಯಿತು. ಮರುತಿಂಗಳು, 1993ರ ಜನವರಿಯಲ್ಲಿ ದೆಹಲಿಯ ಚಿತ್ರೋತ್ಸವದಲ್ಲಿ ತೋರಿಸಿದರು, ಆದರೆ ಆಗ ಟಾಕೀಜುಗಳಿಗೆ ಸರಿಯಾಗಿ ಬರಲಿಲ್ಲ. ವರ್ಷಗಳ ಮೇಲೆ ಟೀವಿಯಲ್ಲಿ ಬಂದು ಮಕ್ಕಳ ಮನಸ್ಸು ಗೆದ್ದಿತು. 2025ರ ಜನವರಿಯಲ್ಲಿ ದೇಶದ ಟಾಕೀಜುಗಳಿಗೆ ಹೊಸದಾಗಿ ಬಂದಾಗ ಅದನ್ನು ಮಾಡಿದ ಸಾಕೋ ಇರಲಿಲ್ಲ, ರಾಮ್ ಮೋಹನರೂ ಇರಲಿಲ್ಲ.

ಆ ದಶಕದಲ್ಲೇ ಅವರು ಮಾಡಿದ ಇನ್ನೊಂದು ಕೆಲಸ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಯುನಿಸೆಫ್ ಎಂಬ ವಿಶ್ವಸಂಸ್ಥೆಯ ಮಕ್ಕಳ ನಿಧಿಗಾಗಿ ಅವರು ಒಬ್ಬ ಹಳ್ಳಿಯ ಹುಡುಗಿಯ ಚಿತ್ರ ಬರೆದುಕೊಟ್ಟರು. ಹೆಸರು ಮೀನಾ. ತಮ್ಮ ರಾಜು, ಜೊತೆಗೊಂದು ಗಿಳಿ. ತಮ್ಮನಿಗೆ ಹೆಚ್ಚು ಊಟ, ಅಕ್ಕನಿಗೆ ಕಡಿಮೆ ಯಾಕೆ? ತಮ್ಮ ಶಾಲೆಗೆ, ಅಕ್ಕ ಮನೆಗೆಲಸಕ್ಕೆ ಯಾಕೆ? ಈ ಪ್ರಶ್ನೆಗಳನ್ನು ಆ ಹುಡುಗಿ ಕೇಳುತ್ತಾಳೆ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ನೇಪಾಳ, ಯಾವ ದೇಶದ ತಾಯಿ ನೋಡಿದರೂ ಇವಳು ನಮ್ಮ ಹುಡುಗಿ ಎನ್ನಬೇಕು. ಹಾಗೆ ಉಡುಪು, ಮುಖ, ಹೆಸರು ಹುಡುಕಿ ಹುಡುಕಿ ಹೊಂದಿಸಿದರು. ಉತ್ತರ ಪ್ರದೇಶದ ಶಾಲೆಗಳಲ್ಲಿ ಹೆಣ್ಣುಮಕ್ಕಳು ಕೂಡಿ ಮಾತಾಡಲು 'ಮೀನಾ ಮಂಚ್' ಎಂಬ ಕೂಟಗಳೇ ಹುಟ್ಟಿದವು. ಗಡಿಗಳಲ್ಲಿ ಫಿರಂಗಿ ನಿಲ್ಲಿಸಿಕೊಂಡ ದೇಶಗಳಲ್ಲಿ ಒಬ್ಬ ಗೆರೆಯ ಹುಡುಗಿ ರಹದಾರಿ ಇಲ್ಲದೆ ಓಡಾಡಿದಳು. ಇಲ್ಲಿಯೂ ಗಮನಿಸಿರಿ. ಈ ಕೆಲಸಕ್ಕೆ ಹಣ ಬಂದದ್ದು ಲಾಭ ನೋಡುವ ಸಂಸ್ಥೆಯಿಂದ ಅಲ್ಲ.

ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿ ಬಂತು, ಕಂಪ್ಯೂಟರು ಬಂತು, ಪರದೇಶದ ಕೆಲಸ ಕಡಲು ದಾಟಿ ಬರತೊಡಗಿತು. ಸಣ್ಣ ಸ್ಟುಡಿಯೋ ಒಂಟಿಯಾಗಿ ನಿಲ್ಲುವುದು ಕಷ್ಟವಾಯಿತು. 1990ರ ದಶಕದ ಕೊನೆಗೆ ರಾಮ್ ಮೋಹನರ ಸ್ಟುಡಿಯೋ ಯುಟಿವಿ ಎಂಬ ದೊಡ್ಡ ಮನರಂಜನಾ ಸಂಸ್ಥೆಯ ಜೊತೆ ಕೂಡಿಕೊಂಡಿತು. ಅವರು ಅದರ ಅಧ್ಯಕ್ಷರಾದರು, ಕಲಾವಿಭಾಗದ ಮುಖ್ಯಸ್ಥರಾದರು. ಕೆಲವು ವರ್ಷ ಕಳೆದ ಮೇಲೆ ಅದರಿಂದ ಹೊರಬಂದು, 2006ರಲ್ಲಿ ಮುಂಬಯಿಯಲ್ಲಿ ಗ್ರಾಫಿಟಿ ಎಂಬ ಅನಿಮೇಷನ್ ಶಾಲೆ ತೆರೆದು ಮತ್ತೆ ಮಾಸ್ತರರಾದರು. 2012ರಲ್ಲಿ ಯುಟಿವಿಯನ್ನು ಕೊಂಡವರು ಯಾರು ಗೊತ್ತೇ? ಡಿಸ್ನಿ. 1956ರಲ್ಲಿ ಡಿಸ್ನಿಯಲ್ಲಿ ಪಳಗಿದ ಮಾಸ್ತರರು ಬಂದು ಸರ್ಕಾರಿ ಶಾಲೆಯಲ್ಲಿ ಕಲಿಸಿದರು. 56 ವರ್ಷದ ಮೇಲೆ ಡಿಸ್ನಿಯೇ ಬಂದು ಅಂಗಡಿ ಕೊಂಡಿತು. ಚೆರ್ರಿ ಹಣ್ಣಿನ ಕಥೆ ನಿಮಗೆ ನೆನಪಿದ್ದೀತು.

2014ರಲ್ಲಿ ರಾಮ್ ಮೋಹನರಿಗೆ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಬೆಳೆಸಿದ ಫಿಲ್ಮ್ಸ್ ಡಿವಿಜನ್ ಅವರ ಹಿಂದೆಯೇ ಹೋಯಿತು. 2022ರ ಮಾರ್ಚಿನಲ್ಲಿ ಅದನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನ ಮಾಡಿದರು. 1948ರಲ್ಲಿ ಹಾಕಿದ ಬೋರ್ಡು ಇಳಿಯಿತು.

ಈಗ ಬೆಂಗಳೂರಿಗೆ ಬರೋಣ. ನಮ್ಮ ಮಕ್ಕಳು ಹೋಗಬೇಕೆನ್ನುವ ಊರು ಅದು. 2012ರಲ್ಲಿ ಕರ್ನಾಟಕ ಸರ್ಕಾರ ಅನಿಮೇಷನ್ ಉದ್ಯಮಕ್ಕೆಂದೇ ಒಂದು ನೀತಿ ಹೊರಡಿಸಿತು, ದೇಶದಲ್ಲೇ ಮೊದಲನೆಯದು. ಪರದೇಶದ ದೊಡ್ಡ ದೊಡ್ಡ ಚಿತ್ರಗಳ ಕೆಲಸ ಬೆಂಗಳೂರಿಗೆ ಬಂತು. ಪ್ಯಾರಿಸ್ಸಿನಲ್ಲಿ ಕೇಂದ್ರವಿದ್ದ ಟೆಕ್ನಿಕಲರ್ ಎಂಬ ಸಂಸ್ಥೆಯ ಬೆಂಗಳೂರು ಸ್ಟುಡಿಯೋ ಅವುಗಳಲ್ಲಿ ಬಹಳ ದೊಡ್ಡದು. 2024ರ ಡಿಸೆಂಬರಿನಲ್ಲಿ ಜಗತ್ತಿನಾದ್ಯಂತ ಬಂದ 'ಮುಫಾಸಾ' ಎಂಬ ಸಿಂಹದ ಚಿತ್ರಕ್ಕೆ ಕೆಲಸ ಮಾಡಿದ ಕೈಗಳಲ್ಲಿ ಬೆಂಗಳೂರಿನ ಕೈಗಳೂ ಇದ್ದವು. ಚಿತ್ರ ತೆರೆಗೆ ಬಂದು ಎರಡು ತಿಂಗಳು ಕಳೆದಿತ್ತು, ಅಷ್ಟೆ. 2025ರ ಫೆಬ್ರವರಿ ಕೊನೆಗೆ ಆ ಸಂಸ್ಥೆ ಕುಸಿಯಿತು. ಇಂಗ್ಲೆಂಡು, ಅಮೆರಿಕ, ಕೆನಡಾ, ಭಾರತ, ಎಲ್ಲ ಕಡೆಯೂ ಬಾಗಿಲು ಮುಚ್ಚಿತು. ಭಾರತದಲ್ಲಿ, ಹೆಚ್ಚಾಗಿ ಬೆಂಗಳೂರಿನಲ್ಲಿ, 3,000ಕ್ಕೂ ಮಿಕ್ಕಿ ನೌಕರರಿದ್ದರು. ಪಗಾರದ ದಿನ ಎದುರಿಗಿದ್ದಾಗ, ಪಗಾರ ಕೊಡಲು ಹಣವಿಲ್ಲ ಎಂಬ ಮಾತು ಅವರ ಕಿವಿಗೆ ಬಿತ್ತು.

ಇದು ಮೊದಲನೆಯ ಸಲವೂ ಅಲ್ಲ. ನಮಗೆ ಬೆಂಗಳೂರಿಗಿಂತ ಹತ್ತಿರವಾದ ಹೈದರಾಬಾದಿನಲ್ಲೂ ಶಾಖೆಯಿದ್ದ ರಿದಮ್ ಅಂಡ್ ಹ್ಯೂಸ್ ಎಂಬ ಅಮೆರಿಕದ ಸ್ಟುಡಿಯೋ 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಮಾಡಿತು. 2013ರ ಫೆಬ್ರವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳ 24ರಂದು ಆ ಹುಲಿಗೆ ಆಸ್ಕರ್ ಪ್ರಶಸ್ತಿ ಬಂತು. ಹುಲಿ ಗೆದ್ದಿತು, ಹುಲಿಯನ್ನು ಮಾಡಿದವರು ಬೀದಿಯಲ್ಲಿ ನಿಂತರು.

ಇದರ ಒಳಗುಟ್ಟು ನಮ್ಮ ಗಿರಣಿಯವರಿಗೆ ಹೊಸದಲ್ಲ. ಸಿನಿಮಾದ ಒಡೆತನ ಹಾಲಿವುಡ್ಡಿನ ದೊಡ್ಡ ಕಂಪನಿಯದು. ಸಿನಿಮಾ ಕೋಟಿಗಟ್ಟಲೆ ಗಳಿಸಿದರೂ ಚಿತ್ರ ಬರೆದ ಸ್ಟುಡಿಯೋಕ್ಕೆ ಸಿಗುವುದು ಮೊದಲು ಗೊತ್ತುಪಡಿಸಿದ ಗುತ್ತಿಗೆಯ ಹಣ ಮಾತ್ರ. ಹತ್ತು ಸಲ ತಿದ್ದಿಸಿದರೂ ಹೆಚ್ಚಿಗೆ ಕೊಡುವುದು ಕಷ್ಟ. ಹತ್ತಿ ನಿಮ್ಮದಲ್ಲ, ಅರಳೆಯೂ ನಿಮ್ಮದಲ್ಲ, ಜಿನ್ನಿಂಗಿನ ಕೂಲಿ ಮಾತ್ರ ನಿಮ್ಮದು. ಆ ಕೂಲಿಗೂ ಲಂಡನ್ನು, ಮಾಂಟ್ರಿಯಲ್ಲು, ಬೆಂಗಳೂರುಗಳ ನಡುವೆ ಯಾರು ಕಡಿಮೆಗೆ ಮಾಡುತ್ತೀರಿ ಎಂಬ ಸವಾಲು. ಇಂಥ ವ್ಯವಸ್ಥೆಯಲ್ಲಿ ಒಂದು ಕಡೆ ಸಾಲ ಹೆಚ್ಚಾದರೆ ಸಾವಿರಾರು ಮೈಲಿ ದೂರದಲ್ಲಿ ದೀಪ ಆರುತ್ತದೆ.

ಇನ್ನೊಂದು ಮಾತು. ನಮ್ಮ ಕಾರ್ಖಾನೆಗಳಲ್ಲಿ ಪಾಳಿ ಎಷ್ಟು ಹೊತ್ತು, ರಜೆ ಎಷ್ಟು, ಕೆಲಸದಿಂದ ತೆಗೆಯುವ ಮುಂಚೆ ಏನೇನು ವಿಚಾರಣೆ ನಡೆಯಬೇಕು ಎಂಬುದನ್ನು ಬರೆದು ತೂಗುಹಾಕಬೇಕೆಂದು 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆ ಹೇಳುತ್ತಿತ್ತು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳ ಜೊತೆಗೆ ಅನಿಮೇಷನ್ ಸ್ಟುಡಿಯೋಗಳಿಗೂ ಈ ಕಾಯಿದೆಯಿಂದ ವಿನಾಯಿತಿ ಕೊಟ್ಟಿತು. 2014ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ, ಐದೈದು ವರ್ಷಕ್ಕೆ ಮುಂದುವರಿಸಿತು. ದೂರು ಕೇಳುವ ಸಮಿತಿ ಇರಬೇಕು ಮುಂತಾದ ಕೆಲವು ಷರತ್ತು ಮಾತ್ರ ಹಾಕಿತು. 2025ರ ನವೆಂಬರ್ 21ರಿಂದ ಆ ಹಳೆಯ ಕಾಯಿದೆಯ ಜಾಗಕ್ಕೆ ಕೇಂದ್ರದ ಹೊಸ ಸಂಹಿತೆ ಬಂದಿದೆ. ಹೆಸರು ಬದಲಾದರೂ ನಾವು ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ. ಗೋಣಿ ಹೊರುವವನಿಗೆ ಬೇಕಾದ ರಕ್ಷಣೆ ಕುರ್ಚಿಯ ಮೇಲೆ ಕೂತು ಚಿತ್ರ ಬರೆಯುವವನಿಗೆ ಬೇಡವೇ?

ನಿಮ್ಮಲ್ಲಿ ಕೆಲವರು ಕೇಳಬಹುದು: "ಮಾಸ್ತರೇ, ರಾಮ್ ಮೋಹನರೂ ಮಾಲೀಕರೇ ಆಗಿದ್ದರಲ್ಲ, ಅವರನ್ನು ಹೊಗಳುತ್ತೀರಿ, ಇವರನ್ನು ಬೈಯುತ್ತೀರಿ." ನ್ಯಾಯವಾದ ಪ್ರಶ್ನೆ. ನಾನು ಮಾಲೀಕನೆಂಬ ಮಾತ್ರಕ್ಕೆ ಯಾರನ್ನೂ ಬೈಯುವುದಿಲ್ಲ. ಸ್ವತಃ ತಕ್ಕಡಿ ಹಿಡಿಯುವ ಸಣ್ಣ ಅಂಗಡಿಯವನು ಬೇರೆ, ತಕ್ಕಡಿಯನ್ನೇ ಕಾಣದೆ ದೂರದಿಂದ ಅಂಗಡಿಗಳನ್ನು ಕೊಂಡು ಮಾರುವವನು ಬೇರೆ. ರಾಮ್ ಮೋಹನ್ ಅಧ್ಯಕ್ಷರಾದ ಮೇಲೂ ಪೆನ್ಸಿಲು ಕೆಳಗಿಡಲಿಲ್ಲ, 75ನೆಯ ವಯಸ್ಸಿನಲ್ಲಿ ಶಾಲೆ ತೆರೆದರು. ಆದರೆ ಅಂಥವರಿಂದಲೂ ಸ್ಟುಡಿಯೋವನ್ನು ಸ್ವತಂತ್ರವಾಗಿ ಉಳಿಸಿಕೊಳ್ಳಲು ಆಗಲಿಲ್ಲ ಎಂಬುದೇ ನಾವು ಕಲಿಯಬೇಕಾದ ಪಾಠ. ಒಡೆಯ ಆಲದ ಜಿಂಕೆಯಂಥವನು ಸಿಕ್ಕಲಿ ಎಂದು ಹಾರೈಸಿ ಕೂತರೆ ಆಗುವುದಿಲ್ಲ. ಒಳ್ಳೆಯ ಒಡೆಯ ಪುಣ್ಯದಿಂದ ಸಿಗುತ್ತಾನೆ, ಒಳ್ಳೆಯ ಕರಾರು ಸಂಘಟನೆಯಿಂದ ಸಿಗುತ್ತದೆ.

ಡಿಸ್ನಿಯ ಸ್ವಂತ ಮನೆಯ ಸಾಕ್ಷಿಯನ್ನೇ ಕೊಡುತ್ತೇನೆ. 1941ರ ಮೇ 29ರಂದು ಡಿಸ್ನಿ ಸ್ಟುಡಿಯೋದ ನೂರಾರು ಚಿತ್ರಗಾರರು ಮುಷ್ಕರ ಹೂಡಿದರು. ಒಂದೇ ಕೆಲಸಕ್ಕೆ ಒಬ್ಬೊಬ್ಬರಿಗೆ ಒಂದೊಂದು ಪಗಾರ, ಪರದೆಯ ಮೇಲೆ ಹೆಸರಿಲ್ಲ, ಸಂಘ ಸೇರಿದವನಿಗೆ ಕೆಲಸವಿಲ್ಲ. ಅಲ್ಲಿನ ಹೆಸರಾಂತ ಚಿತ್ರಗಾರ ಆರ್ಟ್ ಬ್ಯಾಬಿಟ್ ಒಳ್ಳೆಯ ಪಗಾರ ಇದ್ದವನು. ಆದರೂ ಕಡಿಮೆ ಪಗಾರದವರ ಪಕ್ಕದಲ್ಲಿ ನಿಂತು ಕೆಲಸ ಕಳೆದುಕೊಂಡ. ವಾರಗಟ್ಟಲೆ ಬಾಗಿಲಲ್ಲಿ ನಿಂತರು. ಕೊನೆಗೆ ಡಿಸ್ನಿ ಸಂಘವನ್ನು ಒಪ್ಪಿ ರುಜು ಹಾಕಬೇಕಾಯಿತು. ಬೊಂಬೆ ಬರೆಯುವವರು ಮುಷ್ಕರ ಮಾಡಬಲ್ಲರೇ ಎಂದು ನಗುವವರು ಇದನ್ನು ತಿಳಿಯಲಿ. ನಮ್ಮ ಬೆಂಗಳೂರಿನಲ್ಲೂ 2017ರಲ್ಲಿ ಐಟಿ ನೌಕರರು ಒಂದು ಸಂಘ ಕಟ್ಟಿದ್ದಾರೆ.

ಆದ್ದರಿಂದ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇದು. ಮಗನಿಗೋ ಮಗಳಿಗೋ ಚಿತ್ರದ ಕೈಯಿದ್ದರೆ ಅಡ್ಡಿ ಮಾಡಬೇಡಿರಿ. ಇದು ಮಾನದ ಕಸುಬು, ಬಿದ್ರಿಯಷ್ಟೇ ಸೂಕ್ಷ್ಮದ ಕಸುಬು. ಆದರೆ ಕಣ್ಣು ಮುಚ್ಚಿ ಸಾಲ ಮಾಡಬೇಡಿರಿ. ಫೀಜು ಕೊಡುವ ಮುಂಚೆ ಕೇಳಿರಿ: ಕಲಿಸುವವನು ಸ್ವತಃ ಚಿತ್ರ ಬರೆದವನೇ? ಹೋದ ವರ್ಷ ಕಲಿತವರು ಎಲ್ಲಿದ್ದಾರೆ, ಅವರಲ್ಲಿ ನಾಲ್ವರ ಜೊತೆ ಮಾತಾಡಿಸುತ್ತೀರಾ? ಕೆಲಸಕ್ಕೆ ಸೇರುವಾಗ ಕೇಳಿರಿ: ನೇಮಕದ ಪತ್ರ ಇದೆಯೇ? ಪಿಎಫ್ ಕಟ್ಟುತ್ತಾರೆಯೇ? ಹೆಚ್ಚು ಹೊತ್ತಿನ ಕೆಲಸಕ್ಕೆ ಲೆಕ್ಕ ಇದೆಯೇ? ಸಿನಿಮಾದ ಕೊನೆಯ ಹೆಸರುಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತದೆಯೇ? ಮತ್ತು ಮಕ್ಕಳಿಗೆ ಹೇಳಿ ಕಳಿಸಿರಿ: ಕೆಲಸಕ್ಕೆ ಸೇರಿದ ಹಾಗೆ ಸಂಘಕ್ಕೂ ಸೇರು.

ಸರ್ಕಾರಕ್ಕೆ ನಮ್ಮ ಬೇಡಿಕೆ ಒಂದೇ. ಸ್ಟುಡಿಯೋ ತೆರೆಯುವವರಿಗೆ ರಿಯಾಯಿತಿ ಕೊಡುವ ನೀತಿ ಮಾಡಿದ್ದೀರಿ, ಸರಿ. ಆ ಹಣದಲ್ಲಿ ಒಂದು ಪಾಲು ಬೀದರಿನಂಥ ದೂರದ ಜಿಲ್ಲೆಗೂ ಬರಲಿ. ಫೀಜಿಲ್ಲದೆ ಕಲಿಸುವ, ಕಲಿಯುವಾಗ ಸಂಬಳ ಕೊಡುವ ಒಂದು ಸಾರ್ವಜನಿಕ ಸ್ಟುಡಿಯೋ ಇಲ್ಲಿ ತೆರೆಯಲಿ. ಬಿದ್ರಿಯ ಮನೆಗಳ ಮಕ್ಕಳು ಉಳಿಯ ಜೊತೆಗೆ ಪೆನ್ಸಿಲನ್ನೂ ಹಿಡಿಯಲಿ. ಬರಿಯ ಬೆಂಗಳೂರಿಗೆ ಬಸ್ಸು ಹತ್ತಿಸುವ ಅಭಿವೃದ್ಧಿ ನಮಗೆ ಬೇಡ. 1956ರಲ್ಲಿ ಬಡ ದೇಶಕ್ಕೆ ಸಾಧ್ಯವಾದದ್ದು ಇಂದು ಸಾಧ್ಯವಿಲ್ಲ ಎಂದು ಯಾರೂ ಹೇಳಲಾರರು. ಈ ಬೇಡಿಕೆಯ ಅರ್ಜಿಗೆ ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿನಲ್ಲಿ ಸಹಿ ತೆಗೆದುಕೊಳ್ಳುತ್ತಿದ್ದಾರೆ. ಹೆಬ್ಬೆಟ್ಟು ಒತ್ತುವವರೂ ಸಂಕೋಚ ಪಡಬೇಡಿರಿ.